ಮಲಗಿದ ಗಂಟೆ, ನಿದ್ರಿಸಿದ ಗಂಟೆ: ನಾಲ್ಕು ಪತ್ರಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಿದ್ರೆಯನ್ನು ಕುರಿತವು. ಬೇರೆ ಬೇರೆ ವಿಶ್ವವಿದ್ಯಾಲಯಗಳ ಸಂಶೋಧನೆಗಳು ಒಂದೆರಡು ಸಾಲಿನ ಸುದ್ದಿಯಾಗಿ ಮೊಬೈಲಿಗೆ ಬಂದು ಬೀಳುತ್ತಿರುವುದರಿಂದ, ಓದಿದವರಲ್ಲಿ ತಿಳಿವಳಿಕೆಗಿಂತ ಭಯವೇ ಹೆಚ್ಚಿದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಉತ್ತರದಲ್ಲಿಯೂ ಆ ಅಧ್ಯಯನವನ್ನು ಯಾರ ಮೇಲೆ ನಡೆಸಿದರು, ಏನನ್ನು ಅಳೆದರು ಎಂಬುದನ್ನು ಸೇರಿಸಿ ಹೇಳಿದ್ದೇನೆ.

*

ನನಗೆ 68 ವರ್ಷ, ನಿವೃತ್ತ ಶಿಕ್ಷಕಿ. ರಾತ್ರಿ ನಿದ್ರೆಯಲ್ಲಿ ಮಿದುಳು ತನ್ನ ಕೊಳೆಯನ್ನು ತಾನೇ ತೊಳೆದುಕೊಳ್ಳುತ್ತದೆ, ಏಳು ಗಂಟೆ ನಿದ್ರಿಸದವರಿಗೆ ಮರೆವಿನ ಕಾಯಿಲೆ ಖಂಡಿತ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಬಂತು. ನನಗೆ ಐದೂವರೆ ಗಂಟೆಗಿಂತ ಹೆಚ್ಚು ನಿದ್ರೆ ಬರುವುದಿಲ್ಲ. ಅದನ್ನು ಓದಿದ ಮೇಲೆ ಇದ್ದ ನಿದ್ರೆಯೂ ಹೋಗಿದೆ.
— ಶಿವಮೊಗ್ಗದ ಓದುಗರು

ಮೇಡಂ, ಆ ಸಂದೇಶದ ಮೊದಲರ್ಧಕ್ಕೆ ಆಧಾರವಿದೆ. ಎರಡನೆಯ ಅರ್ಧಕ್ಕೆ, ಅದರಲ್ಲಿಯೂ ‘ಖಂಡಿತ’ ಎಂಬ ಮಾತಿಗೆ, ಆಧಾರವಿಲ್ಲ. ನಿಮ್ಮ ನಿದ್ರೆ ಕೆಡಿಸಿದ್ದು ಆ ಒಂದು ಪದವೇ ಆಗಿರುವುದರಿಂದ, ವಿಷಯವನ್ನು ಬುಡದಿಂದ ಹೇಳುತ್ತೇನೆ.

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡವು, ಮಿದುಳಿನ ರಕ್ತನಾಳಗಳ ಸುತ್ತಲಿನ ಕಿರಿದಾದ ಜಾಗದಲ್ಲಿ ದ್ರವವೊಂದು ಹರಿದು ಜೀವಕೋಶಗಳ ನಡುವಿನ ತ್ಯಾಜ್ಯವನ್ನು ಕೊಂಡೊಯ್ಯುತ್ತದೆ ಎಂಬುದನ್ನು 2012ರಲ್ಲಿ ಇಲಿಗಳಲ್ಲಿ ತೋರಿಸಿತು. ಮರುವರ್ಷ ಅದೇ ತಂಡ ಎಚ್ಚರವಿದ್ದ ಇಲಿಯನ್ನೂ ನಿದ್ರಿಸುತ್ತಿದ್ದ ಇಲಿಯನ್ನೂ ಹೋಲಿಸಿ ನೋಡಿತು. ಎಚ್ಚರದಲ್ಲಿ ಮಿದುಳಿನ ಹೊರಪದರದ ಶೇ 14ರಷ್ಟಿದ್ದ ಕೋಶಗಳ ನಡುವಿನ ಜಾಗ, ನಿದ್ರೆಯಲ್ಲಿ ಶೇ 23ರಷ್ಟಾಗಿತ್ತು. ಅಲ್ಝೈಮರ್ ಕಾಯಿಲೆಯೊಂದಿಗೆ ನಂಟಿರುವ ಅಮಿಲಾಯ್ಡ್ ಎಂಬ ಪ್ರೋಟೀನು ನಿದ್ರೆಯಲ್ಲಿ ಬೇಗ ಹೊರಹೋಗುತ್ತಿತ್ತು. ಸಂತೆ ಕರಗಿದ ಮೇಲೆ ಬೀದಿ ಗುಡಿಸಲು ದಾರಿ ಬಿಡುವಾಗುತ್ತದಲ್ಲ, ಹಾಗೆ. ಸುಂದರವಾದ ವಿವರಣೆಯಾದ್ದರಿಂದ ಅದು ಬಹುಬೇಗ ಹರಡಿತು.

ಆದರೆ 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನಿಕ್ ಫ್ರಾಂಕ್ಸ್ ಮತ್ತು ಸಂಗಡಿಗರು ಬೇರೊಂದು ವಿಧಾನದಿಂದ, ಹೊಳೆಯುವ ಬಣ್ಣವನ್ನು ಇಲಿಯ ಮಿದುಳಿಗೆ ಸೇರಿಸಿ ಅದು ಎಷ್ಟು ಬೇಗ ಹೊರಹೋಗುತ್ತದೆ ಎಂದು ಅಳೆದಾಗ, ಫಲಿತಾಂಶ ತಿರುಗಿಬಿತ್ತು. ನಿದ್ರೆಯಲ್ಲಿ ಬಣ್ಣ ಹೊರಹೋಗುವುದು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ಅರಿವಳಿಕೆ ಕೊಟ್ಟಾಗ ಇನ್ನೂ ಕಡಿಮೆ. ನೆಡರ್‌ಗಾರ್ಡ್ ತಂಡ ಈ ವಿಧಾನವನ್ನು ಪ್ರಶ್ನಿಸಿದೆ. 2025ರ ಆರಂಭದಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನವು, ಗಾಢನಿದ್ರೆಯಲ್ಲಿ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕ ಏರಿಳಿಯುವಾಗ ರಕ್ತನಾಳಗಳು ಹಿಗ್ಗಿ ಕುಗ್ಗಿ ಈ ದ್ರವವನ್ನು ತಳ್ಳುತ್ತವೆ ಎಂದು ಹೇಳುತ್ತದೆ. ಅದೇ ಅಧ್ಯಯನದಲ್ಲಿ ಝೋಲ್ಪಿಡೆಮ್ ಎಂಬ ನಿದ್ರೆಮಾತ್ರೆ ಕೊಟ್ಟ ಇಲಿಗಳಲ್ಲಿ ಈ ಹರಿವು ತಗ್ಗಿತ್ತು. ಇದು ಇಲಿಯ ಮಾತೇ ಹೊರತು ಮನುಷ್ಯರ ಮಾತಲ್ಲ, ಹಾಗಾಗಿ ಅಂಥ ಮಾತ್ರೆ ನುಂಗುತ್ತಿರುವವರು ಇದನ್ನೋದಿ ತಾವಾಗಿಯೇ ನಿಲ್ಲಿಸಬಾರದು. ಒಟ್ಟಿನಲ್ಲಿ, ಪ್ರಯೋಗಶಾಲೆಯಲ್ಲಿ ಇನ್ನೂ ವಾದ ನಡೆಯುತ್ತಿರುವ ಸಂಗತಿಯೊಂದು ನಿಮ್ಮ ಮೊಬೈಲಿಗೆ ತೀರ್ಪಾಗಿ ಬಂದಿದೆ.

ಮನುಷ್ಯರಲ್ಲಿ ಏನು ಗೊತ್ತಾಗಿದೆ? ಬ್ರಿಟನ್ನಿನ ಸರ್ಕಾರಿ ನೌಕರರಲ್ಲಿ ಸುಮಾರು 8,000 ಮಂದಿಯನ್ನು 25 ವರ್ಷ ಅನುಸರಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 50, 60, 70ರ ವಯಸ್ಸಿನಲ್ಲಿ ಎಡೆಬಿಡದೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರಿಸಿದವರಿಗೆ, ಏಳು ಗಂಟೆ ನಿದ್ರಿಸಿದವರಿಗಿಂತ ಮರೆವಿನ ಕಾಯಿಲೆಯ ಸಾಧ್ಯತೆ ಸುಮಾರು ಶೇ 30ರಷ್ಟು ಹೆಚ್ಚಿತ್ತು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಅವರಲ್ಲಿ ಕಡಿಮೆ ನಿದ್ರಿಸಿದವರ ಪೈಕಿಯೂ ಹೆಚ್ಚಿನವರಿಗೆ ಆ ಕಾಯಿಲೆ ಬರಲಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ಓದಿಕೊಳ್ಳಬೇಕು. ನಿದ್ರೆ ಕೆಟ್ಟದ್ದರಿಂದ ಕಾಯಿಲೆ ಬಂತೋ, ಒಳಗೊಳಗೇ ಶುರುವಾದ ಕಾಯಿಲೆಯಿಂದ ನಿದ್ರೆ ಕೆಟ್ಟಿತೋ ಎಂಬುದನ್ನು ಇಂಥ ಅಧ್ಯಯನ ಪೂರ್ತಿಯಾಗಿ ಬಿಡಿಸಿಕೊಡಲಾರದು.

ನಿಮ್ಮ ಐದೂವರೆ ಗಂಟೆಯ ಲೆಕ್ಕ ಗಡಿಯಾರ ನೋಡಿಕೊಂಡು ಮಾಡಿದ್ದಿರಬೇಕು. ನಿದ್ರಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ನಾನು ಮತ್ತೆ ಮತ್ತೆ ಕಂಡ ದೃಶ್ಯವೊಂದಿದೆ. ತಲೆಗೆ ತಂತಿಗಳನ್ನು ಅಂಟಿಸಿಕೊಂಡು ಮಲಗಿದ್ದವರು ಬೆಳಿಗ್ಗೆ ಎದ್ದು, ಕೂದಲಿಗೆ ಮೆತ್ತಿದ ಅಂಟನ್ನು ಕೆರೆದುಕೊಳ್ಳುತ್ತ, ‘ರಾತ್ರಿಯೆಲ್ಲ ಕಣ್ಣೇ ಮುಚ್ಚಲಿಲ್ಲ’ ಎನ್ನುತ್ತಿದ್ದರು. ಪಕ್ಕದ ಕೋಣೆಯ ಪರದೆಯ ಮೇಲೆ ಅವರದೇ ಗಾಢನಿದ್ರೆಯ ದೊಡ್ಡ ದೊಡ್ಡ ಅಲೆಗಳು ಗಂಟೆಗಟ್ಟಲೆ ಮೂಡಿರುತ್ತಿದ್ದವು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಡುನಡುವೆ ಎಚ್ಚರವಾದ ಗಳಿಗೆಗಳಷ್ಟೇ ನೆನಪಿನಲ್ಲಿ ಉಳಿದಿರುತ್ತಿದ್ದವು. ಆದ್ದರಿಂದ ಗಂಟೆ ಎಣಿಸುವುದನ್ನು ಬಿಟ್ಟು ಹಗಲನ್ನು ಗಮನಿಸಿ. ಹಗಲಿನಲ್ಲಿ ಲವಲವಿಕೆ ಇದ್ದು, ಕೂತಲ್ಲಿಯೇ ತೂಕಡಿಕೆ ಬರುತ್ತಿಲ್ಲವೆಂದರೆ ಆತಂಕಪಡಬೇಕಿಲ್ಲ. ಹಗಲೆಲ್ಲ ಮಂಪರಿದ್ದರೆ, ಅಥವಾ ಜೋರಾದ ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುವುದನ್ನು ಮನೆಯವರು ಕಂಡಿದ್ದರೆ, ತಡಮಾಡದೆ ವೈದ್ಯರನ್ನು ಕಾಣಿ. ಅದು ಚಿಕಿತ್ಸೆ ಇರುವ ತೊಂದರೆ.

*

ನಮ್ಮದು 14 ಮಂದಿ ಕೆಲಸ ಮಾಡುವ ಜೀನ್ಸ್ ಹೊಲಿಗೆ ಘಟಕ. ಊಟವಾದ ಮೇಲೆ ಕೆಲವರು ಬಟ್ಟೆಯ ಬಂಡಲಿನ ಮೇಲೆಯೇ ತಲೆಯಿಟ್ಟು ಜೋಂಪು ಹತ್ತಿಸುತ್ತಾರೆ. ‘ರಾತ್ರಿ ಬೇಗ ಮಲಗಿ, ಚೆನ್ನಾಗಿ ನಿದ್ದೆ ಮಾಡಿ ಬನ್ನಿ’ ಎಂದು ಹೇಳಿ ಸಾಕಾಗಿದೆ. ಮಧ್ಯಾಹ್ನದ ನಿದ್ದೆಗೆ ಅವಕಾಶ ಕೊಟ್ಟರೆ ಕೆಲಸ ಕೆಡುತ್ತದೆಯೆ?
— ಬಳ್ಳಾರಿಯ ಓದುಗರು

ನಿಮ್ಮ ಪ್ರಶ್ನೆಗೆ ಹೆಚ್ಚುಕಡಿಮೆ ನೇರವಾಗಿಯೇ ಉತ್ತರಿಸುವ ಅಧ್ಯಯನವೊಂದು ಚೆನ್ನೈನಲ್ಲಿ ನಡೆದಿದೆ. ನಾನು ಓದಿದ ನಿದ್ರಾ ಸಂಶೋಧನೆಗಳಲ್ಲಿ ನನ್ನನ್ನು ಅತಿಯಾಗಿ ಯೋಚನೆಗೆ ಹಚ್ಚಿದ್ದು ಇದೇ. ಪೆಡ್ರೊ ಬೆಸೋನೆ, ಗೌತಮ್ ರಾವ್, ಫ್ರಾಂಕ್ ಶಿಲ್‌ಬಾಕ್, ಹೆದರ್ ಸ್ಕೋಫೀಲ್ಡ್ ಮತ್ತು ಮ್ಯಾಟಿ ಟೋಮಾ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ನಡೆಸಿ 2021ರಲ್ಲಿ ಪ್ರಕಟಿಸಿದರು. ಕಡಿಮೆ ಆದಾಯದ 452 ಮಂದಿಗೆ ಸುಮಾರು ಒಂದು ತಿಂಗಳ ಕಾಲ ಕಂಪ್ಯೂಟರಿನಲ್ಲಿ ಮಾಹಿತಿ ತುಂಬುವ ಕೆಲಸ ಕೊಟ್ಟರು. ಮಾಡಿದ ಕೆಲಸಕ್ಕೆ ತಕ್ಕಂತೆ ಕೂಲಿ, ಅಂದರೆ ನಿಮ್ಮಲ್ಲಿ ಪೀಸಿನ ಲೆಕ್ಕವಿದ್ದಂತೆ. ಪ್ರತಿಯೊಬ್ಬರ ಮಣಿಕಟ್ಟಿಗೂ ಚಲನೆಯನ್ನು ದಾಖಲಿಸುವ ಪಟ್ಟಿ ಕಟ್ಟಿದ್ದರಿಂದ, ಯಾರು ಎಷ್ಟು ಹೊತ್ತು ನಿದ್ರಿಸಿದರೆಂದು ಬಾಯಿಮಾತಿನಲ್ಲಿ ಕೇಳುವ ಅಗತ್ಯ ಬೀಳಲಿಲ್ಲ.

ಆಗ ಕಂಡದ್ದೇನೆಂದರೆ, ಇವರು ಬೇಗ ಮಲಗದವರೇನಲ್ಲ. ರಾತ್ರಿ ಸುಮಾರು ಎಂಟು ಗಂಟೆ ಹಾಸಿಗೆಯಲ್ಲಿರುತ್ತಿದ್ದರು, ನಿದ್ರಿಸುತ್ತಿದ್ದುದು ಮಾತ್ರ ಐದೂವರೆ ಗಂಟೆಯ ಆಸುಪಾಸು. ಸೆಕೆ, ಸೊಳ್ಳೆ, ಬೀದಿಯ ಗದ್ದಲ, ಬೆಳಕು, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಹೀಗಾಗಿ ನಿದ್ರೆ ಚೂರುಚೂರಾಗುತ್ತಿತ್ತು. ‘ಬೇಗ ಮಲಗಿ’ ಎಂಬ ನಿಮ್ಮ ಮಾತನ್ನು ನಿಮ್ಮ ಕೆಲಸಗಾರರು ಆಗಲೇ ಪಾಲಿಸುತ್ತಿರಬಹುದು ಎಂಬುದನ್ನು ದಯವಿಟ್ಟು ಒಮ್ಮೆ ಯೋಚಿಸಿ. ಬೇಸಿಗೆಯ ಬಳ್ಳಾರಿಯಲ್ಲಿ, ಕರೆಂಟು ಹೋದ ರಾತ್ರಿ, ತಗಡಿನ ಮಾಡಿನ ಕೆಳಗೆ ಮಲಗಿದವರಿಗೆ ಹಾಸಿಗೆಯ ಗಂಟೆಗಳೆಲ್ಲ ನಿದ್ರೆಯ ಗಂಟೆಗಳಾಗುವುದಿಲ್ಲ.

ಸಂಶೋಧಕರು ಕೆಲವರಿಗೆ ಫ್ಯಾನು, ಹಾಸಿಗೆ, ದಿಂಬು, ಕಣ್ಣುಪಟ್ಟಿ, ಕಿವಿಗೆ ಇಟ್ಟುಕೊಳ್ಳುವ ಬಿರಡೆ ಕೊಟ್ಟು ನಿದ್ರೆಯ ಬಗ್ಗೆ ತಿಳಿಹೇಳಿದರು. ಕೆಲವರಿಗೆ ಹೆಚ್ಚು ನಿದ್ರಿಸಿದ್ದಕ್ಕೆ ಹಣವನ್ನೂ ಕೊಟ್ಟರು. ರಾತ್ರಿಯ ನಿದ್ರೆ ಸರಾಸರಿ 27 ನಿಮಿಷ ಹೆಚ್ಚಿತು. ಇದರಿಂದ ಕೆಲಸದ ಇಳುವರಿ ಚೆನ್ನಾಗಿಯೇ ಏರುತ್ತದೆ ಎಂದು ಮೊದಲೇ ಅಭಿಪ್ರಾಯ ಕೇಳಲಾಗಿದ್ದ ತಜ್ಞರು ಅಂದಾಜು ಮಾಡಿದ್ದರು. ನನ್ನನ್ನು ಕೇಳಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಇಳುವರಿಯಲ್ಲಾಗಲಿ, ಬುದ್ಧಿಯ ಚುರುಕಿನಲ್ಲಾಗಲಿ, ಮನಸ್ಸಿನ ನೆಮ್ಮದಿಯಲ್ಲಾಗಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಹೆಚ್ಚಿದ ನಿದ್ರೆ ಬಂದದ್ದು ಹಾಸಿಗೆಯಲ್ಲಿ ಇನ್ನಷ್ಟು ಹೊತ್ತು ಇದ್ದುದರಿಂದಲೇ ಹೊರತು, ಚೂರಾದ ನಿದ್ರೆ ಕೂಡಿಕೊಂಡದ್ದರಿಂದಲ್ಲ. ಕಾರಣ ಅದೇ ಇರಬಹುದು ಎಂಬುದು ನನ್ನ ಅನಿಸಿಕೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪಿಗೆ ಕೆಲಸದ ಸ್ಥಳದಲ್ಲಿಯೇ ಮಧ್ಯಾಹ್ನ ಅರ್ಧ ಗಂಟೆ ಶಾಂತವಾಗಿ ಮಲಗುವ ಅವಕಾಶ ಕೊಟ್ಟಿದ್ದರು. ಈ ಪುಟ್ಟ ನಿದ್ರೆ ಮಾಡಿದ್ದನ್ನು ರಾತ್ರಿಯ 27 ನಿಮಿಷ ಮಾಡಲಿಲ್ಲ. ಇವರ ಗಮನ ಹೆಚ್ಚಿತು, ಮನಸ್ಸು ಹಗುರವಾಯಿತು, ಕೆಲಸ ಮಾಡಿದ ಗಂಟೆಗಳಲ್ಲಿ ಇಳುವರಿ ತುಸು ಏರಿತು. ಸುಮ್ಮನೆ ವಿರಾಮ ಪಡೆದವರಿಗಿಂತ ಮಲಗಿ ಎದ್ದವರ ಒಟ್ಟು ಕೆಲಸ ಹೆಚ್ಚು. ಆದರೆ ಆ ಅರ್ಧ ಗಂಟೆಯೂ ಬಿಡದೆ ಕೆಲಸ ಮಾಡಿದವರಿಗೆ ಹೋಲಿಸಿದರೆ ದಿನದ ಗಳಿಕೆ ಕಡಿಮೆಯೇ ಆಯಿತು. ಇದನ್ನು ನಿಮ್ಮಿಂದ ಮುಚ್ಚಿಡಬಾರದು.

ನಿಮ್ಮಲ್ಲಿ ಊಟದ ವಿರಾಮ ಹೇಗೂ ಇದೆಯೆಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅದರೊಳಗೇ 20–30 ನಿಮಿಷ ಮಲಗಲು ಬಂಡಲಿನ ಬದಲು ಒಂದು ಚಾಪೆ, ಫ್ಯಾನಿನ ಗಾಳಿ, ದೀಪ ಆರಿಸಿದ ಒಂದು ಮೂಲೆ ಕೊಟ್ಟರೆ ನಿಮಗೆ ನಷ್ಟವಾಗಲಾರದು. ಅರ್ಧ ಗಂಟೆ ಮೀರಿದರೆ ಗಾಢನಿದ್ರೆಗೆ ಇಳಿದು, ಎದ್ದಾಗ ಮಂಕು ಕವಿಯುತ್ತದೆ. ಎದ್ದ ತಕ್ಷಣ ಯಂತ್ರದ ಸೂಜಿಯ ಮುಂದೆ ಕೂರಿಸದೆ, ಮುಖ ತೊಳೆದುಕೊಳ್ಳಲು ಐದು ನಿಮಿಷ ಬಿಡಿ. ಚೆನ್ನೈನ ಕೆಲಸ ಬೆರಳಚ್ಚಿನದು, ನಿಮ್ಮದು ಹೊಲಿಗೆಯದು. ಹಾಗಾಗಿ ಫಲಿತಾಂಶ ಹಾಗೆಯೇ ಬರಬೇಕೆಂದಿಲ್ಲ. ಒಂದು ತಿಂಗಳು ಬಿಟ್ಟು ನೋಡಿ, ಮೂರು ಗಂಟೆಯ ನಂತರ ಬಿಚ್ಚಿ ಹೊಲಿಯಬೇಕಾದ ಪೀಸುಗಳೆಷ್ಟು ಎಂದು ಬರೆದಿಟ್ಟುಕೊಂಡರೆ, ನಿಮ್ಮ ಘಟಕದ ಉತ್ತರ ನಿಮಗೇ ಸಿಗುತ್ತದೆ. ಆ ಲೆಕ್ಕವನ್ನು ನನಗೂ ತಿಳಿಸಿ.

*

ಪಿಯುಸಿ ಓದುವ ಮಗ ರಾತ್ರಿ ಹನ್ನೊಂದರಿಂದ ಒಂದರವರೆಗೆ ಮೊಬೈಲಿನಲ್ಲಿ ನೀಲಿ ಬೆಳಕು ತಡೆಯುವ ವ್ಯವಸ್ಥೆ ಹಾಕಿಕೊಂಡು ನೋಡುತ್ತಾನೆ. ‘ಇನ್ನು ತೊಂದರೆಯಿಲ್ಲ’ ಎನ್ನುತ್ತಾನೆ. ಸರಿಯೆ?
— ಧಾರವಾಡದ ಓದುಗರು

ಸರಿಯಲ್ಲ. ನೀಲಿ ಬೆಳಕು ಕಣ್ಣಿನ ಕೆಲವು ವಿಶೇಷ ಕೋಶಗಳ ಮೂಲಕ ದೇಹದ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದು ನಿಜ. ಆದರೆ ಹಾರ್ವರ್ಡ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ, ಮಲಗುವ ಮುನ್ನ ನಾಲ್ಕು ಗಂಟೆ ಹೊಳೆಯುವ ಪರದೆಯಲ್ಲಿ ಓದಿದ 12 ಮಂದಿಗೆ, ಕಾಗದದ ಪುಸ್ತಕ ಓದಿದ ದಿನಗಳಿಗಿಂತ ನಿದ್ರೆ ಹತ್ತಿದ್ದು ಸುಮಾರು ಹತ್ತು ನಿಮಿಷ ತಡವಾಗಿ, ಅಷ್ಟೆ. ನಿಮ್ಮ ಮಗ ಕಳೆದುಕೊಳ್ಳುತ್ತಿರುವುದು ಹತ್ತು ನಿಮಿಷವಲ್ಲ, ಹನ್ನೊಂದರಿಂದ ಒಂದರವರೆಗಿನ ಎರಡು ಗಂಟೆ. ಅದನ್ನು ಕದಿಯುತ್ತಿರುವುದು ಪರದೆಯ ಬಣ್ಣಕ್ಕಿಂತ ಪರದೆಯೊಳಗಿನ ಸಂಗತಿ. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗಿ ಓಡುವುದರಿಂದ ಅವನನ್ನು ಸೋಮಾರಿಯೆಂದು ಗದರಬೇಡಿ. ಮನೆಯವರೆಲ್ಲರ ಮೊಬೈಲುಗಳೂ, ನಿಮ್ಮದೂ ಸೇರಿ, ಹನ್ನೊಂದಕ್ಕೆ ನಡುಮನೆಯಲ್ಲಿ ಚಾರ್ಜಿಗೆ ಕೂರಲಿ.

*

ಆಸ್ಪತ್ರೆಯಲ್ಲಿ ದಾದಿಯಾಗಿ ಎಂಟು ವರ್ಷದಿಂದ ಇದ್ದೇನೆ. ತಿಂಗಳಿಗೆ ಹತ್ತು ರಾತ್ರಿ ಪಾಳಿ. ರಾತ್ರಿ ಎರಡಕ್ಕೆ ಎಲ್ಲರೂ ಕೂಡಿ ಊಟ ಮಾಡುತ್ತೇವೆ. ಈಚೆಗೆ ಸಕ್ಕರೆ ಅಂಶ ಗಡಿಯ ಹತ್ತಿರ ಬಂದಿದೆ. ಊಟದ ಹೊತ್ತಿಗೂ ಇದಕ್ಕೂ ಸಂಬಂಧವಿದೆಯೆ?
— ಮಂಗಳೂರಿನ ಓದುಗರು

ಸಂಬಂಧವಿರುವ ಸಾಧ್ಯತೆ ಬಲವಾಗಿದೆ. ದೇಹದೊಳಗೆ ಸುಮಾರು 24 ಗಂಟೆಯ ಗಡಿಯಾರವೊಂದಿದೆ ಎಂಬುದು ನಮ್ಮ ಕಡೆಗೂ ಹೊಸತಲ್ಲ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ. ಕೆ. ಚಂದ್ರಶೇಖರನ್ ಅವರು ಗುಹೆಯ ಬಾವಲಿಗಳಲ್ಲಿಯೂ, ಗಡಿಯಾರವೂ ಹಗಲು ಬೆಳಕೂ ಇಲ್ಲದ ಕೋಣೆಯಲ್ಲಿ ಉಳಿದ ಮನುಷ್ಯರಲ್ಲಿಯೂ ಇದನ್ನು ಅಧ್ಯಯನ ಮಾಡಿದ್ದರು. ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಕೆಲಸ ಮಾಡಿದರು. ಈ ಗಡಿಯಾರ ಮಿದುಳಿನಲ್ಲಿ ಮಾತ್ರವಲ್ಲ, ಯಕೃತ್ತು, ಮೇದೋಜೀರಕ ಗ್ರಂಥಿಗಳಲ್ಲಿಯೂ ಇದೆ. ಮಿದುಳಿನದ್ದಕ್ಕೆ ಬೆಳಕು ಕೀಲಿ ಕೊಟ್ಟರೆ, ಇವುಗಳಿಗೆ ಊಟದ ಹೊತ್ತೂ ಕೀಲಿ ಕೊಡುತ್ತದೆ. ಎರಡೂ ಬೇರೆ ಬೇರೆ ಹೊತ್ತು ತೋರಿಸತೊಡಗಿದಾಗ ಸಕ್ಕರೆಯ ನಿಭಾವಣೆ ಹದ ತಪ್ಪುತ್ತದೆ.

ಬೋಸ್ಟನ್‌ನಲ್ಲಿ ಸಾರಾ ಚೆಲ್ಲಪ್ಪ, ಫ್ರಾಂಕ್ ಶೀರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಆರೋಗ್ಯವಂತ 19 ಯುವಜನರನ್ನು ಪ್ರಯೋಗಾಲಯದಲ್ಲಿ ಎರಡು ವಾರ ಇರಿಸಿ, ರಾತ್ರಿ ಪಾಳಿಯಂಥ ದಿನಚರಿ ನಡೆಸಿದರು. ಹಗಲೂ ರಾತ್ರಿಯೂ ಉಂಡವರ ರಕ್ತದ ಗ್ಲೂಕೋಸ್ ಸರಾಸರಿ ಶೇ 6.4ರಷ್ಟು ಏರಿತು, ಅದೇ ಪಾಳಿಯಲ್ಲಿದ್ದು ಹಗಲಿನಲ್ಲಷ್ಟೇ ಉಂಡವರಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಗುಂಪು ಚಿಕ್ಕದು, ಇದ್ದವರು ನಿಜವಾದ ದಾದಿಯರಲ್ಲ. ಮನೆ, ಮಕ್ಕಳು, ವಾರ್ಡಿನ ಓಡಾಟ ಯಾವುದೂ ಅಲ್ಲಿರಲಿಲ್ಲ. ಆದರೂ ಇದನ್ನು ಅನುಸರಿಸಿ ನೋಡುವುದರಿಂದ ಹೆಚ್ಚಿನವರಿಗೆ ಅಪಾಯವಿಲ್ಲ.

ಪಾಳಿಗೆ ಹೊರಡುವ ಮುನ್ನ, ಏಳೂವರೆ ಎಂಟರೊಳಗೆ, ಹೊಟ್ಟೆ ತುಂಬ ಊಟ ಮಾಡಿ. ಎರಡು ಗಂಟೆಗೆ ಗೆಳತಿಯರೊಂದಿಗೆ ಕೂರುವುದನ್ನು ಬಿಡಬೇಡಿ, ಆ ಹೊತ್ತಿನ ಮಾತುಕತೆ ಬೇಕೇಬೇಕು. ಅನ್ನದ ಡಬ್ಬಿಯ ಬದಲು ನೀರು, ಮಜ್ಜಿಗೆ, ಹಸಿವು ತಡೆಯದಿದ್ದರೆ ಒಂದು ಹಿಡಿ ಶೇಂಗಾ ಸಾಕು. ಚಹಾ ಕಾಫಿಯನ್ನು ಮೂರಕ್ಕೆ ಮುಗಿಸಿ, ಇಲ್ಲವಾದರೆ ಬೆಳಗಿನ ನಿದ್ರೆಗೆ ಅದೇ ಅಡ್ಡ ಬರುತ್ತದೆ. ಬೆಳಿಗ್ಗೆ ಮನೆಗೆ ಬಂದು ಲಘುವಾಗಿ ತಿಂಡಿ ತಿಂದು, ಕಿಟಕಿಗೆ ದಪ್ಪ ಪರದೆ ಎಳೆದು ಮಲಗಿ. ಪಾಳಿಯ ಪಟ್ಟಿ ಹಾಕುವವರೊಂದಿಗೆ ಮಾತಾಡಲು ಸಾಧ್ಯವಿದ್ದರೆ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮುಂದೊತ್ತುವ ಕ್ರಮವನ್ನು ಕೇಳಿಕೊಳ್ಳಿ. ಹಿಂದಕ್ಕೆ ಸರಿಯುವ ಕ್ರಮಕ್ಕಿಂತ ದೇಹ ಇದಕ್ಕೆ ಸುಲಭವಾಗಿ ಒಗ್ಗುತ್ತದೆ. ನೀವೀಗಾಗಲೇ ಸಕ್ಕರೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಮಾತ್ರ ನಿಮ್ಮ ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ, ಪಾಳಿಯ ನಡುವೆ ಸಕ್ಕರೆ ಇಳಿದುಬಿಡುವ ಅಪಾಯವಿದೆ. ಮೂರು ತಿಂಗಳ ನಂತರ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ, ಈಗಿನ ಅಂಕಿಯೊಂದಿಗೆ ಹೋಲಿಸಿ ನೋಡಿ.