ಒಂಟಿಯಾಗಿ ಮಲಗಿದ ಚಿಗರಿ ಮರಿಗೆ ಕಾಯಿಲೆಯೇ?

ಪ್ರಶ್ನೆ: ಮಕ್ಕಳ ಜೊತೆ ಮೃಗಾಲಯಕ್ಕೆ ಹೋಗಿದ್ದೆ. ಕೃಷ್ಣಮೃಗಗಳ (ಚಿಗರಿಗಳ) ಆವರಣದಲ್ಲಿ ಒಂದು ಮರಿ ಹುಲ್ಲಿನೊಳಗೆ ಕತ್ತು ಚಾಚಿ, ಅಲುಗಾಡದೆ ಮಲಗಿತ್ತು. ತಾಯಿ ದೂರದಲ್ಲಿ ಮೇಯುತ್ತಿತ್ತು. ಅಲ್ಲಿನ ಸಿಬ್ಬಂದಿಯನ್ನು ಕೇಳಿದರೆ ‘ಹುಟ್ಟಿ ಎರಡ ದಿನ ಆತ್ರಿ, ಆರಾಮ ಅದ’ ಅಂದರು. ಹತ್ತಿರವೂ ಹೋಗದೆ ಇದು ಹೇಗೆ ಗೊತ್ತಾಗುತ್ತದೆ? (ಓದುಗರು, ಬೆಳಗಾವಿ)

ಉತ್ತರ: ಆ ಮರಿ ಮಲಗಿದ ರೀತಿ ಸರಿಯಾಗಿಯೇ ಇತ್ತು. ಚಿಗರಿ ಮರಿ ಮೊದಲ ಒಂದೆರಡು ವಾರ ಅಡಗಿಯೇ ಇರುತ್ತದೆ. ತಾಯಿ ದಿನಕ್ಕೆ ಕೆಲವು ಸಲ ಬಂದು ಹಾಲು ಕುಡಿಸಿ, ನೆಕ್ಕಿ ಹೋಗುತ್ತದೆ. ಮರಿಯ ಹಿಂಭಾಗವನ್ನು ತಾಯಿಯೇ ನೆಕ್ಕಿ ಸ್ವಚ್ಛ ಮಾಡುವುದರಿಂದ ಸುತ್ತಮುತ್ತ ಹಿಕ್ಕೆಯೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ, ಎರಡು ದಿನದ ಮರಿ ಸುಮ್ನೆ ಅಲೆದಾಡುತ್ತಾ ಕೂಗುತ್ತಿದ್ದರೇ ಜಾಸ್ತಿ ಚಿಂತೆ. ಅದು ಹಸಿದಿರಬಹುದು.

ಹಾಗಾಗಿ ಮೊದಲ ತಪಾಸಣೆ ನಡೆಯುವುದು ಬೈನಾಕ್ಯುಲರ್‌ನಲ್ಲಿ. ಮರಿ ಎದ್ದಾಗ ಬೆನ್ನು ಚಾಚಿ ಮೈ ಮುರಿಯುತ್ತದೆಯಾ? ಆರೋಗ್ಯಕ್ಕೆ ಅದು ಒಳ್ಳೆಯ ಗುರುತು. ಬೆನ್ನು ಗೂನಾಗಿ, ಕಿವಿ ಜೋತುಬಿದ್ದು, ಪಕ್ಕೆ ಒಳಗೆ ಹೋಗಿದ್ದರೆ ಹುಷಾರಿಲ್ಲ ಅಂತಲೇ. ತಾಯಿಯ ಕೆಚ್ಚಲನ್ನೂ ನೋಡಬೇಕು. ಬಿಗಿಯಾಗಿ ತುಂಬಿಕೊಂಡೇ ಇದ್ದರೆ ಮರಿ ಕುಡಿದಿಲ್ಲ.

ಕುಡಿಯುವುದರ ಮೇಲೆ ಇಷ್ಟು ಒತ್ತು ಯಾಕೆ ಅಂದರೆ, ಹಸು, ಆಡು, ಚಿಗರಿ ಇವೆಲ್ಲದರ ಮರಿಗಳು ಹೆಚ್ಚುಕಮ್ಮಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟುತ್ತವೆ. ಗರ್ಭದಲ್ಲಿರುವಾಗ ಅದು ತಾಯಿಯ ರಕ್ತದಿಂದ ದಾಟಿ ಬರುವುದಿಲ್ಲ. ಬರುವುದು ಗಿಣ್ಣದ ಹಾಲಿನಲ್ಲಿ. ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಮೊದಲ ಕೆಲವು ಗಂಟೆ ಚೆನ್ನಾಗಿದ್ದು, ಸುಮಾರು 24 ಗಂಟೆಗೆ ಮುಗಿದೇ ಹೋಗುತ್ತದೆ. ಆದ್ದರಿಂದ ಹುಟ್ಟಿದ ದಿನ ಮರಿಯನ್ನು ತಾಯಿ ಜೊತೆ ಬಿಟ್ಟು ದೂರದಿಂದ ಕಾಯುವುದೇ ಮೇಲು. ಹಾಗಂತ ಅರ್ಧ ದಿನ ಕಳೆದರೂ ಮೊಲೆಗೆ ಬಾಯಿ ಹಾಕಿಲ್ಲ ಅಂದರೆ ಸುಮ್ಮನಿರುವಂತಿಲ್ಲ.

ಮರಿಯನ್ನು ಹಿಡಿದು ನೋಡುವುದು ಸಾಮಾನ್ಯವಾಗಿ ಒಂದು ದಿನದ ನಂತರ. ತೀರಾ ತಡಮಾಡಿದರೆ ಮರಿ ಕೈಗೇ ಸಿಗದಂತೆ ಓಡುತ್ತದೆ. ಗ್ಲೌಸ್ ಹಾಕಿ, ಮಾತಾಡದೆ, ಕೆಲವೇ ನಿಮಿಷದಲ್ಲಿ ಮುಗಿಸಬೇಕು. ನಾವು ಪಶುವೈದ್ಯರು ತೂಕ, ಉಷ್ಣತೆ, ಹೃದಯ ಬಡಿತ ನೋಡುತ್ತೇವೆ. ಅಂಗುಳು ಸೀಳಿದೆಯೇ, ಕಾಲು ನೆಟ್ಟಗಿದೆಯೇ ಅಂತಲೂ. ಹೊಕ್ಕುಳು ಒದ್ದೆಯಾಗಿ ಊದಿದ್ದರೆ ನಂಜು ಅಲ್ಲಿಂದ ಕೀಲುಗಳಿಗೆ ಇಳಿಯಬಹುದು. ಬಾಯಿಯೊಳಗೆ ಬೆರಳಿಟ್ಟಾಗ ಬೆಚ್ಚಗಿದ್ದು ಚೀಪಿದರೆ ಅರ್ಧ ಸಮಾಧಾನ. ತಣ್ಣಗಿದ್ದರೆ ಮೊದಲು ಮೈ ಬೆಚ್ಚಗಾಗಬೇಕು, ಹಾಲು ಆಮೇಲೆ.

ಜೊತೆಗೆ ಒಂದಿಷ್ಟು ರಕ್ತ. ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಅಳತೆ ಉಪಕರಣದಲ್ಲಿ ಅದರ ಪ್ರೋಟೀನ್ ನೋಡಿದರೆ ಗಿಣ್ಣ ಎಷ್ಟು ಸಿಕ್ಕಿದೆ ಅನ್ನುವ ಅಂದಾಜಾಗುತ್ತದೆ. ಹಸುವಿನ ಕರುವಿಗೆ 100 ಮಿ.ಲೀ. ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕನಿಷ್ಠ ಸುಮಾರು 5.2 ಗ್ರಾಂ ಪ್ರೋಟೀನ್ ಅನ್ನುವ ಗಡಿ ಇದೆ. ಚಿಗರಿಗೆ ಅದನ್ನೇ ಅಂಟಿಸುವುದು ತಪ್ಪು, ಅದೇ ಜಾತಿಯ ಆರೋಗ್ಯವಂತ ಮರಿಗಳ ದಾಖಲೆಗೆ ಹೋಲಿಸಬೇಕು. ಇನ್ನೊಂದು ಎಚ್ಚರ: ಮೈಯಲ್ಲಿ ನೀರು ಕಡಿಮೆಯಾದ ಮರಿಯಲ್ಲಿ ಈ ಅಂಕಿ ಸುಳ್ಳೇ ಮೇಲೇರುತ್ತದೆ. ಗಿಣ್ಣ ನಿಜಕ್ಕೂ ಸಿಕ್ಕಿಲ್ಲದಿದ್ದರೆ, ಕರುಳಿನ ಬಾಗಿಲು ಮುಚ್ಚಿದ ಮೇಲೆ ಉಳಿಯುವ ದಾರಿ ಅದೇ ಜಾತಿಯ ಆರೋಗ್ಯವಂತ ಪ್ರಾಣಿಯ ಪ್ಲಾಸ್ಮಾ, ಅಂದರೆ ರಕ್ತಕಣ ತೆಗೆದ ರಕ್ತದ ದ್ರವ ಭಾಗ, ಕೊಡುವುದು.

ಪ್ರಶ್ನೆ: ನಮ್ಮೂರು ಯಡಹಳ್ಳಿ ಚಿಂಕಾರ (ಚಿಗರಿಯಂಥದೇ ಸಣ್ಣ ಪ್ರಾಣಿ) ಧಾಮದ ಹತ್ತಿರ. ಹೊಲದಲ್ಲಿ ಇಂಥ ಮರಿ ಸಿಕ್ಕರೆ ಮನೆಗೆ ತಂದು ಹಸುವಿನ ಹಾಲು ಹಾಕಬಹುದೇ? (ಓದುಗರು, ಬೀಳಗಿ ತಾಲ್ಲೂಕು)

ಉತ್ತರ: ಬೇಡ. ಚಿಂಕಾರ, ಕೃಷ್ಣಮೃಗ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮನೆಗೆ ತರುವುದೇ ಅಪರಾಧ. ಹಸುವಿನ ಹಾಲು ಈ ಮರಿಗಳಿಗೆ ಬಹಳ ತೆಳು, ಭೇದಿಯೂ ಆಗಬಹುದು. ಮನುಷ್ಯರ ಕೈಯಲ್ಲಿ ಬೆಳೆದ ಗಂಡು ಚಿಗರಿ ಕೊಂಬು ಬಂದ ಮೇಲೆ ಸಾಕಿದವರನ್ನೇ ಎದುರಾಳಿ ಅಂದುಕೊಂಡು ಹಾಯುತ್ತದೆ, ಅದನ್ನೂ ನೆನಪಿಡಿ. ನಾಯಿಗಳನ್ನು ಓಡಿಸಿ, ನೀವೂ ದೂರ ಸರಿಯಿರಿ. ನೀವು ಅಲ್ಲೇ ನಿಂತಿದ್ದರೆ ತಾಯಿ ಬರುವುದಿಲ್ಲ ಅಲ್ವಾ? ಮರಿಗೆ ಗಾಯವಾಗಿದ್ದರೆ ಅಥವಾ ತಾಯಿ ಸತ್ತಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವ ತನಕ ನೆರಳಿನಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ.