ಕಡಲಂಚಿನ ಕಾಡುದಾರಿಗೆ ಮಂಡಿ ಒಪ್ಪುತ್ತಾ?

ಪ್ರಶ್ನೆ: ಮೇಡಂ, ನನಗೆ 54 ವರ್ಷ. ದಿನವಿಡೀ ಕೂತು ಮಾಡುವ ಕೆಲಸ, ರಾತ್ರಿ ನಿದ್ದೆ ಸರಿಯಿಲ್ಲ. ಗೆಳೆಯರು ಸಮುದ್ರದಂಚಿನ ಕಾಡಿನಲ್ಲಿ 14 ಕಿಲೋಮೀಟರ್ ಚಾರಣಕ್ಕೆ ಕರೆಯುತ್ತಿದ್ದಾರೆ. ಬಂಡೆ ಹತ್ತಿ ಇಳಿಯಬೇಕು, ನಡುನಡುವೆ ಮರಳೂ ಇದೆಯಂತೆ. ‘ಸಮುದ್ರದ ಗಾಳಿ ಬಿದ್ದರೆ ಎಲ್ಲ ಕಾಯಿಲೆ ಓಡಿಹೋಗುತ್ತೆ’ ಅನ್ನುತ್ತಾರೆ. ಮೆಟ್ಟಿಲು ಇಳಿಯುವಾಗ ನನ್ನ ಮಂಡಿ ನೋಯುತ್ತದೆ. ಹೆಂಡತಿ ಬೇಡ ಅನ್ನುತ್ತಾಳೆ. ಹೋಗಲೇ?

ಉತ್ತರ: ಹೋಗಿ. ಆದರೆ ಒಂದೂವರೆ ತಿಂಗಳು ಬಿಟ್ಟು, ಐದಾರು ಕಿಲೋಮೀಟರ್ ಮಾತ್ರ.

ಗೆಳೆಯರ ಗಾಳಿಮಾತನ್ನು ಗಾಳಿಗೆ ಬಿಡಿ. ಸಮುದ್ರದ ಗಾಳಿ ಹಿತವಾಗಿರುತ್ತದೆ, ಔಷಧಿಯಲ್ಲ. ಕಾಡಿನಲ್ಲಿ ಸುಮ್ನೆ ಅಡ್ಡಾಡುವುದಕ್ಕೆ ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್ ಯೋಕು’, ಅಂದರೆ ಕಾಡಿನ ಸ್ನಾನ, ಎಂದು ಹೆಸರಿಟ್ಟಿತು. ನೀವು ಹೇಳುವ ದಾರಿ ಅಂಥದ್ದಲ್ಲ. ಅಲ್ಲಿ ಪ್ರತಿ ಹೆಜ್ಜೆಗೂ ಕಣ್ಣು ನೆಲದ ಮೇಲೇ ಇರಬೇಕು. ಒದ್ದೆ ಬೇರಿನ ಮೇಲೆ ಕಾಲಿಡುವಾಗ ಆಫೀಸಿನ ಜಗಳ ನೆನಪಾಗುವುದಿಲ್ಲ. ನೆನಪಾದರೆ ಬೀಳುತ್ತೀರಿ. ನಾನು ಬಿದ್ದಿದ್ದೇನೆ! ನನ್ನ ಮಟ್ಟಿಗೆ ಈ ದಾರಿಯ ದೊಡ್ಡ ಲಾಭ ಅದೇ. ನಾಲ್ಕು ಗಂಟೆ ತಲೆಗೆ ಬೇರೆ ಕೆಲಸವೇ ಇರುವುದಿಲ್ಲ.

ಈಗ ಮಂಡಿಯ ವಿಷಯ. ಏರುವಾಗ ಸುಸ್ತಾಗುವುದು ಉಸಿರಿಗೆ, ಇಳಿಯುವಾಗ ಪೆಟ್ಟು ತೊಡೆಗೆ ಮತ್ತು ಮಂಡಿಗೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ನಿಮ್ಮ ಭಾರವನ್ನು ತಡೆಹಿಡಿಯಬೇಕು. ಅದಕ್ಕೇ ನೋವು ಆ ದಿನಕ್ಕಿಂತ ಮರುದಿನ, ಅದರ ಮರುದಿನ ಜಾಸ್ತಿ. ಈ ಮೈನೋವಿಗೆ ಹೆದರಬೇಡಿ. ಇಂಥದ್ದೇ ನಡಿಗೆ ಎರಡನೇ ಸಲ ಮಾಡಿದಾಗ ಅಷ್ಟು ಕಾಡುವುದಿಲ್ಲ. ಆದ್ದರಿಂದ ಈಗಿನಿಂದಲೇ ವಾರಕ್ಕೆ ಮೂರು ದಿನ ಕೈಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿದು ರೂಢಿ ಮಾಡಿಕೊಳ್ಳಿ. ಆದರೆ ಮಂಡಿ ಊದಿಕೊಳ್ಳುತ್ತಿದ್ದರೆ, ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ ಮೊದಲು ಡಾಕ್ಟರ್, ಆಮೇಲೆ ಕಾಡು. ಕೈಯಲ್ಲಿ ಎರಡು ಕೋಲು ಇರಲಿ, ಮಂಡಿಯ ಭಾರ ಸ್ವಲ್ಪ ತೋಳಿಗೆ ಹೋಗುತ್ತದೆ. ಕಾಲುಗುರು ಕತ್ತರಿಸಿಕೊಂಡು ಹೋಗಿ. ನಗಬೇಡಿ, ಇಳಿಜಾರಿನಲ್ಲಿ ಬೂಟಿನ ಮೂತಿಗೆ ಗುದ್ದಿ ಗುದ್ದಿ ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದೇ ಹೋಯಿತು.

ಮರಳನ್ನು ಹಗುರವಾಗಿ ಎಣಿಸಬೇಡಿ. ಒಣ ಮರಳಿನಲ್ಲಿ ಅದೇ ವೇಗದಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ನೀರಿನ ಅಂಚಿನ ಒದ್ದೆ ಮರಳಲ್ಲಿ ನಡೆಯಿರಿ. ಗಾಳಿಗೆ ಬೆವರು ತಕ್ಷಣ ಆರಿಹೋಗುವುದರಿಂದ ಬಾಯಾರಿಕೆ ಗೊತ್ತಾಗುವುದು ತಡ. ಅದಕ್ಕೆ ಆಗಾಗ ನೀರು ಕುಡಿಯುತ್ತಿರಿ.

ನೀವು ಕೇಳದೇ ಬಿಟ್ಟದ್ದು ಒಂದಿದೆ, ಉಬ್ಬರ ಇಳಿತ. ಹೆಚ್ಚಿನ ಕಡಲತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಿನ್ನೆಯ ಸಮಯ ಇವತ್ತಿಗೆ ಬರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ನೀರು ಒಂದೇ ಸಮನೆ ಏರುವುದೂ ಇಲ್ಲ, ಏರುವ ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆಗೇ ಅರ್ಧ ಏರಿಬಿಡುತ್ತದೆ. ಇದು ಗೊತ್ತಿಲ್ಲದ ಕಾಲದಲ್ಲಿ ನಾವು ಮೂವರು ‘ಇನ್ನೂ ಟೈಮಿದೆ’ ಅಂತ ತಿಂಡಿ ತಿನ್ನುತ್ತಾ ಕೂತೆವು. ಬಂಡೆಯ ಮೂಲೆಗೆ ಬಂದರೆ ಸೊಂಟದ ತನಕ ನೀರು, ಹಿಂದಿರುಗಿದರೆ ಅಲ್ಲೂ ನೀರು. ಎತ್ತರದ ಬಂಡೆ ಹತ್ತಿ, ಒಂದು ಏಡಿಯನ್ನು ನೋಡುತ್ತಾ ಆರು ಗಂಟೆ ಕೂತೆವು. ಏಡಿಗೆ ನಮ್ಮಿಂದ ಬೇಜಾರಾಗಿರಬೇಕು.

ಆ ರಾತ್ರಿ ಕಲ್ಲಿನ ಹಾಗೆ ನಿದ್ದೆ ಬಂತು, ನಿಜ. ಆದರೆ ಅದು ದಣಿವಿನ ನಿದ್ದೆ, ಹಗಲಿಡೀ ಬೆಳಕಿನಲ್ಲಿದ್ದ ಮೈಯ ನಿದ್ದೆ. ಒಂದು ಚಾರಣ ಒಂದೆರಡು ರಾತ್ರಿ ಕೊಡಬಹುದು, ಉಳಿದ ರಾತ್ರಿಗಳಿಗೆ ದಿನದ ನಡಿಗೆಯೇ ಬೇಕು. ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುತ್ತೀರಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹೆಂಡತಿಯ ಜೊತೆ ವಾದ ಬೇಡ. ಬಂಡೆಯ ಮರೆಯಲ್ಲಿ ಫೋನ್ ಸಿಗ್ನಲ್ ಸಿಗುತ್ತದೆಂಬ ಖಾತ್ರಿಯಿಲ್ಲ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.