ಬ್ರಿಟನ್ನಿನ ಊರೂರುಗಳ ಪಬ್‌ಗಳು ಏಕೆ ಮುಚ್ಚುತ್ತಿವೆ?

2000ದ ಸುಮಾರಿಗೆ 60,000ದಷ್ಟಿದ್ದ ಪಬ್‌ಗಳು ಈಗ 45,000ದ ಆಸುಪಾಸಿಗೆ ಇಳಿದಿರುವುದಕ್ಕೆ ಜನ ಕುಡಿಯುವುದನ್ನು ಕಡಿಮೆ ಮಾಡಿದ್ದು ಒಂದು ಕಾರಣ ಮಾತ್ರ; ಒಡೆತನದ ವ್ಯವಸ್ಥೆಯ ಪೆಟ್ಟು ಅದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ದೊಡ್ಡ ಬಿಯರ್ ತಯಾರಕರ ಹಿಡಿತವನ್ನು ಸಡಿಲಿಸಲು 1989ರಲ್ಲಿ ಸರ್ಕಾರ ಆದೇಶ ಹೊರಡಿಸಿತಾದರೂ, ಅವರು ಮಾರಿದ ಸಾವಿರಾರು ಪಬ್‌ಗಳು ಸಾಲ ಮಾಡಿ ಬೆಳೆದ ಪಬ್ ಕಂಪನಿಗಳ ಪಾಲಾದವು. ಇಂಥ ಪಬ್ ನಡೆಸುವವನು ಕಂಪನಿಗೆ ಬಾಡಿಗೆ ಕಟ್ಟುವುದಲ್ಲದೆ, ಬಿಯರನ್ನೂ ಸಾಮಾನ್ಯವಾಗಿ ಅದರಿಂದಲೇ, ಹೊರಗಿನ ಸಗಟು ದರಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಬೇಕು. ಇತ್ತ ಸೂಪರ್‌ಮಾರ್ಕೆಟ್ಟಿನಲ್ಲಿ ಹಲವು ಡಬ್ಬಿ ಬಿಯರ್ ಸಿಗುವ ಹಣಕ್ಕೆ ಪಬ್ಬಿನಲ್ಲಿ ಒಂದೇ ಪೈಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚು ಹಿಡಿಯುವ ಒಂದು ಗ್ಲಾಸ್) ಸಿಗುತ್ತದೆ. 2007ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಧೂಮಪಾನ ನಿಷೇಧ, ಕೋವಿಡ್, 2022ರ ಇಂಧನ ದರದ ಏರಿಕೆ ಉಳಿದವರನ್ನೂ ಹಣ್ಣುಮಾಡಿದವು. ಹಳ್ಳಿಯ ಹಿರಿಯರಿಗೆ ಅರಳಿಕಟ್ಟೆಯಂತಿದ್ದ ಕಟ್ಟಡವನ್ನು ಮನೆಯಾಗಿ ಮಾರಿದರೆ ಹೆಚ್ಚು ಲಾಭವೆಂಬ ಲೆಕ್ಕಾಚಾರಕ್ಕೆ ಎಷ್ಟೋ ಪಬ್‌ಗಳು ಬಲಿಯಾಗಿವೆ. ಕೆಲವೆಡೆ ಮಾತ್ರ ಊರವರೇ ಷೇರು ಹಾಕಿ ಕೊಂಡು ಉಳಿಸಿಕೊಂಡಿದ್ದಾರೆ.